ತೋಟದ ಅಡುಗೆಗೆ ಕಟ್ಟಿಗೆ ಒಲೆ: ಕೊಳ್ಳುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ತೋಟದ ಅಡುಗೆಗೆ ಕಬ್ಬಿಣದ ಒಲೆ ತರೋಣ ಅಂತ ಮಾತಾಗಿತ್ತಲ್ವಾ? ಅಂಗಡಿಗೆ ಹೋಗುವವರು ಮೊದಲು ತಗಡಿನ ದಪ್ಪ ನೋಡಿ. ತೆಳು ತಗಡು ನಾಲ್ಕು ಸಲ ಉರಿ ಕಂಡರೆ ಸೊಟ್ಟಗಾಗುತ್ತದೆ. ಆಮೇಲೆ ಹಂಚು ಅಲುಗಾಡಿ, ಜೋಳದ ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯೇ ಉಳಿಯುತ್ತದೆ. 3 ಮಿ.ಮೀ. ದಪ್ಪ ಇದ್ದರೆ ಚೆನ್ನ. ಬೀಡು ಕಬ್ಬಿಣದ್ದು ಭಾರ ಜಾಸ್ತಿ, ಬಿಸಿ ಇದ್ದಾಗ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಸತು ಬಳಿದ ಹೊಳೆಯುವ ತಗಡಿನ ಒಲೆ ಎಷ್ಟೇ ಅಗ್ಗವಾದರೂ ಬೇಡವೇ ಬೇಡ. ಸತು 420 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಕೆಂಡದ ಬಿಸಿ ಅದಕ್ಕಿಂತ ಹೆಚ್ಚು. ಕಾದ ಸತುವಿನ ಹೊಗೆ ಎದೆಗೆ ಹೋದರೆ ಚಳಿಜ್ವರ ಬರಬಹುದು. ಮಕ್ಕಳೂ ಬರ್ತಾರೆ, ಇದರಲ್ಲಿ ರಾಜಿ ಬೇಡ.

ತಳದಲ್ಲಿ ತೂತು, ಒಳಗೆ ಜಾಲರಿ ಇರಲೇಬೇಕು. ಬೂದಿ ಕೆಳಗೆ ಉದುರಿದರೆ ಗಾಳಿ ಆಡುತ್ತದೆ, ಹೊಗೆ ಕಮ್ಮಿ. ಅಗಲ ಎರಡು ಅಡಿ ಇರಲಿ. ಒಂದು ಬದಿ ಉರಿ ಇಟ್ಟು, ಇನ್ನೊಂದು ಬದಿಗೆ ಕೆಂಡ ಎಳೆದು ಬದನೆಕಾಯಿ ಸುಡಬಹುದು.

ಕಟ್ಟಿಗೆಗೆ ಚಿಂತೆಯಿಲ್ಲ, ಒಣಗಿದ ಬಳ್ಳಾರಿ ಜಾಲಿ ಸಾಕು. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮುಳ್ಳು ಮಾತ್ರ ಸವರಿ ತನ್ನಿ.

ಒಲೆಯನ್ನು ಭತ್ತದ ಹುಲ್ಲಿನ ಬಣವೆಯಿಂದ ದೂರ ಇಡೋಣ. ಆಸರೆಗೆ ಹೊಳೆಯ ಕಲ್ಲು ತರಬೇಡಿ, ನೀರು ಕುಡಿದ ಕಲ್ಲು ಕಾದರೆ ಸಿಡಿಯುತ್ತದೆ. ಇಟ್ಟಿಗೆ ಇದೆ.

ಒಲೆ ನೋಡಿದವರು ಫೋಟೋ, ಬೆಲೆ ಎರಡನ್ನೂ ಇಲ್ಲಿ ಹಾಕಿ.