ಕಲ್ಪನಾ ಅವರ ಮೌನವನ್ನೂ ನೋಡಬೇಕು

ಮಾನ್ಯರೇ,

ಹಳೆಯ ಪ್ರೇಮಕಥೆಯ ಚಿತ್ರಗಳ ಮಾತು ಬಂದಾಗಲೆಲ್ಲ, ಕಲ್ಪನಾ ಅವರ ಅಭಿನಯ ಸ್ವಲ್ಪ ಅತಿಯಾಯಿತು ಎನ್ನುವವರು ಈಗೀಗ ಹೆಚ್ಚಾಗಿದ್ದಾರೆ. ‘ಶರಪಂಜರ’ದ ಉದ್ವೇಗದ ದೃಶ್ಯಗಳನ್ನು ಮಾತ್ರ ಮೊಬೈಲಿನಲ್ಲಿ ತುಣುಕು ತುಣುಕಾಗಿ ನೋಡಿದವರಿಗೆ ಹಾಗನ್ನಿಸಿದರೆ ಅದು ಅವರ ತಪ್ಪಲ್ಲ. ಆದರೆ ಆ ತುಣುಕುಗಳಿಂದಲೇ ಒಬ್ಬ ಮಹಾನ್ ನಟಿಯನ್ನು ಅಳೆಯುವುದು ಅನ್ಯಾಯವೆಂದು ನನಗೆ ತೋರುತ್ತದೆ.

ಪುಟ್ಟಣ್ಣ ಕಣಗಾಲರು 1967ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ತೆಗೆದ ‘ಬೆಳ್ಳಿಮೋಡ’ವನ್ನು ಕಳೆದ ವಾರ ಮತ್ತೊಮ್ಮೆ ಪೂರ್ತಿ ನೋಡಿದೆ. ಶ್ರೀಮಂತ ಮನೆಯ ಒಬ್ಬಳೇ ಮಗಳು ಇಂದಿರಾ, ಅವಳ ತಂದೆಯ ಹಣದಲ್ಲಿ ಅಮೆರಿಕಕ್ಕೆ ಓದಲು ಹೋಗುವ ಮೋಹನ. ಇಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಬೇರೆ ವಾರಸುದಾರ ಬಂದನೆಂದು ತಿಳಿದ ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಕಥೆ ಇಷ್ಟೇ. ತನ್ನ ಒಲವಿಗೆ ಮುಳುವಾದದ್ದು ಆ ಮಗುವಿನ ಹುಟ್ಟೇ ಎಂಬುದು ಗೊತ್ತಿದ್ದೂ, ಅದನ್ನು ನೋಡುವ ಇಂದಿರಾಳ ಕಣ್ಣಿನಲ್ಲಿ ಒಂದಿಷ್ಟೂ ಕಹಿಯಿಲ್ಲದಂತೆ ಕಲ್ಪನಾ ನಟಿಸಿದ್ದಾರೆ. ಪ್ರೀತಿ ಮುರಿದ ನೋವು ಒಂದು ಕಡೆ, ತಮ್ಮನ ಮೇಲಿನ ಅಕ್ಕರೆ ಇನ್ನೊಂದು ಕಡೆ. ಎರಡನ್ನೂ ಒಂದೇ ಮುಖದಲ್ಲಿ, ಒಂದು ಇನ್ನೊಂದನ್ನು ನುಂಗದಂತೆ ಹಿಡಿದಿಡುವುದು ಎಷ್ಟು ಕಷ್ಟವೆಂಬುದನ್ನು ರಂಗದ ಮೇಲೆ ಒಮ್ಮೆಯಾದರೂ ನಿಂತವರು ಬಲ್ಲರು. ಕೊನೆಗೆ, ಇಂದಿರಾಳ ಆರೈಕೆ ಪಡೆದ ಮೋಹನ ಪಶ್ಚಾತ್ತಾಪಪಟ್ಟು ಮತ್ತೆ ಮದುವೆಯ ಮಾತೆತ್ತಿದಾಗ ಅವಳು ಒಪ್ಪುವುದಿಲ್ಲ. ಆ ನಿರಾಕರಣೆಯಲ್ಲಿ ನನಗೆ ಕಂಡದ್ದು ಸೇಡಲ್ಲ, ಒಳಗಿನ ಒಲವು ಎಂದೋ ಬತ್ತಿಹೋಗಿದೆ ಎಂಬ ನಿಜ. ಮೋಹನನಾಗಿ ಕಲ್ಯಾಣ್ ಕುಮಾರ್ ಕೂಡ ಇಲ್ಲಿ ತಮ್ಮ ಪಾತ್ರದ ಸಣ್ಣತನವನ್ನು ಮರೆಮಾಚುವುದಿಲ್ಲ ಎಂಬುದನ್ನು ಹೇಳಲೇಬೇಕು.

ದೊರೆ–ಭಗವಾನ್ ನಿರ್ದೇಶನದ ‘ಎರಡು ಕನಸು’ (1974) ಇನ್ನೊಂದು ಉದಾಹರಣೆ. ಅಲ್ಲಿ ರಾಜ್‌ಕುಮಾರ್ ಅವರ ರಾಮಚಂದ್ರನಿಗೆ ಮಂಜುಳಾ ಅವರ ಲಲಿತೆಯ ಮೇಲೆ ಮನಸ್ಸು. ತಾಳಿ ಕಟ್ಟಿಸಿಕೊಂಡವಳು ಗೌರಿಯ ಪಾತ್ರದ ಕಲ್ಪನಾ. ಎಸ್. ಜಾನಕಿಯವರ ದನಿಯಲ್ಲಿ ಗೌರಿ ಪೂಜೆಗೆ ಹೂ ತಂದು, ಬಾಗಿಲು ತೆರೆಯೆಂದು ರಾಮನನ್ನು ಬೇಡುವ ಹಾಡನ್ನು ಎಲ್ಲರೂ ಕೇಳಿಯೇ ಇರುತ್ತಾರೆ. ದೇವರ ಹೆಸರೂ ರಾಮ, ಗಂಡನ ಹೆಸರೂ ರಾಮ. ಆ ಮೊರೆ ಇಬ್ಬರಲ್ಲಿ ಯಾರಿಗೆ ಸಲ್ಲುತ್ತಿದೆ ಎಂಬುದು ಸಾಹಿತ್ಯಕ್ಕಿಂತ ಹೆಚ್ಚಾಗಿ ಕಲ್ಪನಾ ಅವರ ದೃಷ್ಟಿಯಿಂದ ತಿಳಿಯುತ್ತದೆ. ರಾಜ್‌ಕುಮಾರ್ ಅವರು ಹೆಂಡತಿಯನ್ನು ಗದರಿಸುವುದಕ್ಕಿಂತ ಅವಳೆದುರು ಸುಮ್ಮನಿರುವುದರಲ್ಲೇ ಗಂಡನ ನಿರ್ದಯತೆಯನ್ನೂ ಸಂಕಟವನ್ನೂ ತೋರಿಸುತ್ತಾರೆ. ಅಂಥ ಮೇರುನಟರೆದುರು ಗೌರಿ ಎಲ್ಲಿಯೂ ಮಸುಕಾಗುವುದಿಲ್ಲ. (ಈ ಚಿತ್ರವನ್ನು ನನ್ನ ತಾಯಿಯ ಪಕ್ಕದಲ್ಲಿ ಕುಳಿತು ಮೊದಲ ಬಾರಿ ನೋಡಿದಾಗ, ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಅಳುವ ದೃಶ್ಯದಲ್ಲಲ್ಲ, ಈ ಹಾಡಿನಲ್ಲಿ.)

ಇಂಥ ಅಭಿನಯ ನೋಡುಗರಿಂದ ಸಮಯ ಕೇಳುತ್ತದೆ. ಮುಖದ ಮೇಲೆ ಭಾವ ಮೂಡಿ, ನಿಂತು, ಇಳಿಯುವವರೆಗೆ ಕಾಯಬೇಕಾಗುತ್ತದೆ. ಮೂವತ್ತು ಸೆಕೆಂಡುಗಳ ತುಣುಕಿನಲ್ಲಿ ಉಳಿಯುವುದು ಕೂಗು ಮಾತ್ರ. ಅದಕ್ಕೆ ಮುಂಚಿನ ಮೌನ ಕತ್ತರಿಗೆ ಹೋಗಿರುತ್ತದೆ.

ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಹಳೆಯ ಚಿತ್ರಗಳ ಬಗ್ಗೆ ಬರುವ ಲೇಖನಗಳು ಬಹುಪಾಲು ಹಾಡು, ಗಳಿಕೆ, ತಾರೆಯರ ಖಾಸಗಿ ಬದುಕುಗಳ ಸುತ್ತಲೇ ಇರುತ್ತವೆ. 1979ರಲ್ಲಿ ತೀರಿಕೊಂಡ ಕಲ್ಪನಾ ಅವರ ಸಾವಿನ ಕುರಿತು ಬರೆದಷ್ಟು ಅವರ ಕಲೆಯ ಕುರಿತು ಯಾರೂ ಬರೆದಂತಿಲ್ಲ ಎಂಬುದು ನನ್ನ ಬಹುದಿನಗಳ ಕೊರಗು. ವಾರಕ್ಕೊಂದು ದೃಶ್ಯವನ್ನು ಆರಿಸಿಕೊಂಡು, ಅದರಲ್ಲಿ ನಟರು ಏನು ಮಾಡಿದ್ದಾರೆಂದು ಬಲ್ಲವರಿಂದ ಬರೆಸುವ ಒಂದು ಅಂಕಣವನ್ನು ದಯಮಾಡಿ ಆರಂಭಿಸಿ. ಮೊದಲ ಕಂತಿಗೆ ‘ಬೆಳ್ಳಿಮೋಡ’ವನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ, ಹಾಸನ