ಬಾಡಿಗೆ ಮನೆ: ಲೆಕ್ಕ ಹಾಕಿ ತಗೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಸೀಬರ್ಡ್ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಅಲ್ಲಿನ ನೌಕರರು ಬಾಡಿಗೆಗೆ ಬರ್ತಾರೆ, ಕಾರವಾರದಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಟ್ರೆ ಕಾಯಂ ಆದಾಯ ಅಂತ ನಮ್ಮ ಹುಡುಗ್ರು ಸಾಲ ಮಾಡ್ತಿದಾರೆ, ನೋಡಿದ್ರೆ ಭಯ ಆಗ್ತದೆ. 40 ಲಕ್ಷದ ಮನೆಗೆ ತಿಂಗಳಿಗೆ 10 ಸಾವಿರ ಬಂದ್ರೂ ವರ್ಷಕ್ಕೆ 1.2 ಲಕ್ಷ, ಅಂದ್ರೆ ಬರೀ 3 ಪರ್ಸೆಂಟ್, ಅದ್ರಲ್ಲೇ ಮನೆ ತೆರಿಗೆ, ಮೇಂಟೆನೆನ್ಸ್, ಖಾಲಿ ಬಿದ್ದ ತಿಂಗಳು ಎಲ್ಲ ಕಳೀಬೇಕು. ನಾವು ಬಾಡಿಗೆಗೆ ಬಿಟ್ಟ ಮನೇಲಿ ಕಳೆದ ಮಳೆಗಾಲ ಗೋಡೆಗೆ ಬೂಷ್ಟು ಹಿಡೀತು, ಉಪ್ಪುಗಾಳಿಗೆ ಕಿಟಕಿ ಸರಳು ತುಕ್ಕು ತಿಂದು ಮುಟ್ಟಿದ್ರೆ ಪುಡಿಪುಡಿ, ಎರಡು ತಿಂಗಳ ಬಾಡಿಗೆ ರಿಪೇರಿಗೇ ಹೋಯ್ತು. ಹಾಗಂತ ಬೇಡ ಅನ್ನೋದಿಲ್ಲ, ಹತ್ತು ಹದಿನೈದು ವರ್ಷ ಕಾಯೋ ತಾಳ್ಮೆ ಇದ್ರೆ ಬೆಲೆನೂ ಏರಬಹುದು. ಆದ್ರೆ ಸಮುದ್ರದ ಹತ್ರ ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪರ್ಮಿಷನ್ ಕಣ್ಣಾರೆ ನೋಡಿ.

ಒಬ್ಬ ಓದುಗ, ಕಾರವಾರ