ಮನೆ ರಿಪೇರಿ: ಗುತ್ತಿಗೆದಾರರ ಹಳೇ ಕೆಲಸ ನೋಡಿ

ಸಂಪಾದಕರಿಗೆ ನಮಸ್ಕಾರ.

ಕೊಪ್ಪಳದ ಜವಾಹರ ರಸ್ತೆ ಹತ್ತಿರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ನನ್ನದು. ಗವಿಮಠದ ಜಾತ್ರೆ ಬರುವುದು ಜನವರಿಯಲ್ಲಿ. ದೀಪಾವಳಿ ಮುಗಿಯುತ್ತಿದ್ದಂತೆ ಊರಲ್ಲಿ ಮನೆ ರಿಪೇರಿ ಶುರು. ಬೀಗರು ಬರುವಷ್ಟರಲ್ಲಿ ಬಚ್ಚಲು ಹೊಸದಾಗಬೇಕು, ಅಡುಗೆಮನೆಗೆ ಟೈಲ್ಸ್ ಹಾಕಿಸಬೇಕು, ಮಣ್ಣಿನ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಬೇಕು. ಈ ಗಡಿಬಿಡಿಯಲ್ಲಿ ಜನ ಗುತ್ತಿಗೆದಾರನಿಗೆ ಕೇಳುವುದು ಒಂದೇ ಪ್ರಶ್ನೆ, "ಚದರ ಅಡಿಗೆ ಎಷ್ಟು?" ಕಡಿಮೆ ಹೇಳಿದವನಿಗೆ ಕೆಲಸ. ಇದರಿಂದ ಎಷ್ಟು ಮನೆಗಳಲ್ಲಿ ದುಡ್ಡು, ನೆಮ್ಮದಿ ಎರಡೂ ಹೋಗುತ್ತಿವೆ ಎಂದು ದಿನಾ ನೋಡುತ್ತಿದ್ದೇನೆ. ಅದಕ್ಕೇ ಈ ಪತ್ರ.

ಕಳೆದ ವರ್ಷ ಒಬ್ಬ ಅಕ್ಕ ಅಂಗಡಿಗೆ ಬಂದರು. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಚೀಲದಿಂದ ಅಂಗೈಯಗಲದ ಗಿಲಾವಿನ (ಗೋಡೆ ಪ್ಲಾಸ್ಟರ್) ಚಕ್ಕೆ ತೆಗೆದು ಕೌಂಟರ್ ಮೇಲಿಟ್ಟರು. "ತಮ್ಮಾ, ನಿಮ್ಮ ಅಂಗಡಿ ಸಿಮೆಂಟ್ ಸರಿ ಇಲ್ಲಂತ, ಗುತ್ತಿಗೆದಾರ ಹೇಳ್ಯಾನ" ಎಂದರು. ಹಳೇ ಬಿಲ್ ಹುಡುಕಿ ನೋಡಿದೆ. ಆ ಸಿಮೆಂಟ್ ಹೊಸ ಲೋಡಿನದು. ಚಕ್ಕೆಯನ್ನು ಬೆರಳಲ್ಲಿ ಉಜ್ಜಿದರೆ ಮರಳು ಹಾಗೇ ಉದುರುತ್ತಿತ್ತು. ಗೋಡೆಗೆ ಎಷ್ಟು ದಿನ ನೀರು ಹೊಡೆದರು ಅಂತ ಕೇಳಿದೆ. ಎರಡೇ ದಿನ. ಮೂರನೇ ದಿನ ಗೌಂಡಿಯನ್ನು ಗುತ್ತಿಗೆದಾರ ಬೇರೆ ಕೆಲಸಕ್ಕೆ ಕರೆದುಕೊಂಡು ಹೋಗಿದ್ದನಂತೆ.

ಸಿಮೆಂಟ್ ಗಟ್ಟಿಯಾಗಲು ಗಿಲಾವಿಗೆ ಕಡಿಮೆಯೆಂದರೂ 7 ದಿನ ನೀರು ಬೇಕು. ಸ್ಲ್ಯಾಬಿಗೆ ಇನ್ನೂ ಜಾಸ್ತಿ. ನಮ್ಮ ಕಡೆಯಂಥ ಒಣ ಬಿಸಿಲಲ್ಲಿ 10 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 14 ದಿನ ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆದರೆ ನಲ್ಲಿ ನೀರು ದಿನಾ ಬರುವುದಿಲ್ಲ, ಟ್ಯಾಂಕರ್ ತರಿಸಬೇಕು. ಅದರ ದುಡ್ಡು ಯಾರದು ಅಂತ ಮೊದಲೇ ಮಾತಾಡಿರುವುದಿಲ್ಲ. ಮನೆಯವರು ಗುತ್ತಿಗೆದಾರ ಕೊಡುತ್ತಾನೆ ಅಂದುಕೊಂಡಿರುತ್ತಾರೆ, ಅವನು ಮನೆಯವರು ಕೊಡುತ್ತಾರೆ ಅಂದುಕೊಂಡಿರುತ್ತಾನೆ. ಮಧ್ಯೆ ಗೋಡೆ ಒಣಗಿ ಹೋಗುತ್ತದೆ. ಹಾಗಾಗಿ ರೇಟು ಕೇಳುವ ಮೊದಲು ನೀರಿನ ಮಾತಾಡಿ. ನೀರು ಎಲ್ಲಿಂದ, ಯಾರು ಹೊಡೆಯುತ್ತಾರೆ, ಎಷ್ಟು ದಿನ ಎಂದು ಕೇಳಿ. ಕೆಲಸ ಬಲ್ಲವನು ತಡವರಿಸದೆ ಉತ್ತರ ಕೊಡುತ್ತಾನೆ.

ಗುತ್ತಿಗೆದಾರರು ಮೊಬೈಲಿನಲ್ಲಿ ತೋರಿಸುವ ಫೋಟೋ ನಂಬಬೇಡಿ. ಬಣ್ಣ ಬಳಿದ ಮರುದಿನ ಯಾವ ಮನೆಯಾದರೂ ಚೆಂದವೇ ಅಲ್ವಾ? ಎರಡು ಮಳೆಗಾಲ ಕಳೆದ ಮನೆ ತೋರಿಸು ಎನ್ನಿ. ಅಲ್ಲಿಗೆ ನೀವೇ ಹೋಗಿ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ತೇವ ಇದೆಯಾ, ಸಜ್ಜಾ ಗೋಡೆಗೆ ಕೂಡುವಲ್ಲಿ ಬಿರುಕು ಬಿಟ್ಟಿದೆಯಾ ನೋಡಿ. ಟೈಲ್ಸ್ ಮೇಲೆ ಬೆರಳಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಕೆಲಸ ಮುಗಿದ ಮೇಲೆ ಇವನು ಫೋನ್ ಎತ್ತುತ್ತಾನಾ ಅಂತ ಆ ಮನೆಯವರನ್ನು ಕೇಳುವುದನ್ನು ಮಾತ್ರ ಮರೆಯಬೇಡಿ.

ಹಳೇ ಮನೆ ರಿಪೇರಿಯಲ್ಲಿ ಇನ್ನೊಂದು ಅಪಾಯವಿದೆ. ಕಲ್ಲು ಮಣ್ಣಿನ ಗೋಡೆ ಮೇಲೆ ಸ್ಲ್ಯಾಬ್ ಹಾಕಿಕೊಡುತ್ತೇನೆ ಎಂದು ನಿಂತ ಕಾಲಲ್ಲೇ ಒಪ್ಪುವವರಿದ್ದಾರೆ. ನನಗೆ ಗೊತ್ತಿರುವ ಹಿರಿಯ ಗೌಂಡಿಯೊಬ್ಬರು ರೇಟು ಹೇಳುವ ಮುಂಚೆ ಗೋಡೆ ಪಕ್ಕ ಗುಂಡಿ ತೋಡಿಸಿ ಬುನಾದಿ ನೋಡುತ್ತಾರೆ. ಕೆಳಗೆ ಎರೆಮಣ್ಣಿದ್ದರೆ ಎಂಜಿನಿಯರ್‌ಗೆ ತೋರಿಸದೆ ಕೆಲಸ ಮುಟ್ಟುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ, ಮೇಲಿನ ಗೋಡೆ ಬಿರುಕು ಬಿಡುತ್ತದೆ. ಇಂಥ ಜಾಗದಲ್ಲಿ "ಆಗಲ್ಲ" ಎಂದು ಹೇಳುವ ಧೈರ್ಯ ಇರುವವರೇ ನಂಬಿಕಸ್ಥರು ಅಂತ ನನ್ನ ಅನುಭವ.

ನಮ್ಮ ವ್ಯಾಪಾರದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕೆಲವು ಗುತ್ತಿಗೆದಾರರು ಅಂಗಡಿಗಳಲ್ಲಿ ಕಮಿಷನ್ ಕೇಳುತ್ತಾರೆ, ಅದು ಕೊನೆಗೆ ನಿಮ್ಮ ಬಿಲ್ ಮೇಲೇ ಬೀಳುತ್ತದೆ. ಸಾಮಾನು ತರುವ ದಿನ ಮನೆಯವರೊಬ್ಬರು ಜೊತೆಗೆ ಬನ್ನಿ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದರೆ ಬೇಡ ಎನ್ನಿ. 12 ಮಿ.ಮೀ. ಕಬ್ಬಿಣದ ಸರಳು ಮೀಟರಿಗೆ ಸುಮಾರು 890 ಗ್ರಾಂ ತೂಗಬೇಕು. ತೂಗಿಸಿ ತಗೊಳ್ಳಿ, ಸಂಕೋಚ ಬೇಡ. ಜಿಎಸ್‌ಟಿ ಬಿಲ್ ನಿಮ್ಮ ಹೆಸರಿಗೇ ಬರೆಸಿ.

ಅರ್ಧ ದುಡ್ಡು ಮುಂಗಡ ಕೊಡಬೇಡಿ. ಕೆಲಸ ನಡೆದಷ್ಟು ಹಣ ಕೊಡಿ, ಕೊನೆಯ ಕಂತನ್ನು ಮೊದಲ ಮಳೆವರೆಗೆ ಹಿಡಿದಿಡುವುದಾಗಿ ಮೊದಲೇ ಬರೆದು ಸಹಿ ಹಾಕಿಸಿ. ಒಳ್ಳೆಯ ಗುತ್ತಿಗೆದಾರರು ಒಪ್ಪುತ್ತಾರೆ, ಏಕೆಂದರೆ ಕಾಗದ ಅವರನ್ನೂ ಕಾಯುತ್ತದೆ. ಕೆಲಸ ಮುಗಿದ ಮೇಲೆ ಮನೆಯವರು ದುಡ್ಡು ಕೊಡದೆ ಸತಾಯಿಸಿದ ಗೌಂಡಿಗಳನ್ನೂ ನೋಡಿದ್ದೇನೆ.

ಕೆಲಸ ಕೆಟ್ಟರೆ ಸುಮ್ನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಆದರೆ ಕೈಯಲ್ಲಿ ಕಾಗದ ಇರಬೇಕು. ಆ ಅಕ್ಕನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಎಲ್ಲವೂ ಬಾಯಿಮಾತು.

ನಮ್ಮ ನಗರಸಭೆಗೆ ನನ್ನ ಮನವಿ ಇಷ್ಟೇ. ಕಟ್ಟಡ ಪರವಾನಗಿ ಕೊಡುವಾಗ ಒಂದು ಪುಟದ ಮಾದರಿ ಕರಾರು ಪತ್ರವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಜೊತೆಗೆ ಕೊಡಲಿ. ಯಾವ ಸಾಮಾನು, ಎಷ್ಟು ದಿನ ನೀರು, ಹಣ ಯಾವಾಗ, ಸೋರಿದರೆ ಯಾರು ಹೊಣೆ ಎಂದು ತುಂಬಲು ಖಾಲಿ ಜಾಗ ಬಿಟ್ಟರೆ ಸಾಕು. ಸಣ್ಣ ರಿಪೇರಿ ಮಾಡಿಸುವವರು ಪರವಾನಗಿಗೆ ಹೋಗುವುದಿಲ್ಲ. ಅವರಿಗಾಗಿ ಹಾರ್ಡ್‌ವೇರ್ ಅಂಗಡಿಗಳಲ್ಲೂ ಪ್ರತಿಗಳನ್ನು ಇಡಲಿ. ನಮ್ಮ ಮಾಲೀಕರು ಇದಕ್ಕೆ ಒಪ್ಪಿದ್ದಾರೆ.

ಇಂತಿ,
ಹಾರ್ಡ್‌ವೇರ್ ಅಂಗಡಿಯ ಗುಮಾಸ್ತ, ಕೊಪ್ಪಳ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)